ಸೀವರ್ ಲೈನ್ ವಾರಂಟಿ ತಗೊಳ್ಳಬೇಕಾ? ಮೊದಲು ನಿಮ್ಮ ಪೈಪು ಯಾವುದು ನೋಡಿ

ಅಮೆರಿಕದ ಒಹಾಯೋದಲ್ಲಿ 1956ರ ಮನೆ ಕೊಂಡಿದ್ದೀರಿ, ಊರಿನ ಲೋಗೋ ಇರುವ ಪತ್ರ ಬಂದಿದೆ, ನೀರು ಮತ್ತು ಸೀವರ್ (ಮನೆಯ ಕೊಳಚೆ ಹೊರಗೆ ಹೋಗುವ) ಪೈಪಿನ ವಾರಂಟಿಗೆ ತಿಂಗಳ ಹಣ ಕಟ್ಟಿ ಅಂತಿದೆ, ಕಟ್ಟಲೇಬೇಕಾ ಅಂತ ಕೇಳಿದ್ದೀರಿ. ಕಟ್ಟಲೇಬೇಕು ಅಂತೇನಿಲ್ಲ. ಅದು ಬಿಲ್ ಅಲ್ಲ, ಜಾಹೀರಾತು. ಹಾಗಂತ ಮೋಸ ಅಂತಲೂ ಎಸೆಯಬೇಡಿ. ಖಾಸಗಿ ಕಂಪನಿಗಳು ಊರಿನ ಜೊತೆ ಒಪ್ಪಂದ ಮಾಡಿಕೊಂಡು ಲೋಗೋ ಬಳಸುತ್ತವೆ, ನ್ಯಾಷನಲ್ ಲೀಗ್ ಆಫ್ ಸಿಟೀಸ್ ಅನ್ನುವ ನಗರಗಳ ಸಂಘದ ಹೆಸರಲ್ಲೇ ಹೋಮ್‌ಸರ್ವ್ ಅನ್ನುವ ಕಂಪನಿ ಇಂಥ ಒಂದು ಯೋಜನೆ ನಡೆಸುತ್ತದೆ. ಪತ್ರ ಕಳಿಸಿದ ಕಂಪನಿಯ ಹೆಸರು ನಿಮ್ಮ ಊರಿನ ವೆಬ್‌ಸೈಟಲ್ಲಿ ಇದೆಯಾ ನೋಡಿಕೊಳ್ಳಿ, ಅಷ್ಟು ಸಾಕು.

ನಮ್ಮವರಿಗೆ ಗೊತ್ತಿಲ್ಲದ ಸಂಗತಿ ಅಂದರೆ ಪೈಪು ಯಾರದು ಅನ್ನೋದು. ನೀರಿನದು ಸಾಮಾನ್ಯವಾಗಿ ಫುಟ್‌ಪಾತ್ ಹತ್ತಿರದ ವಾಲ್ವ್‌ನಿಂದ ಮನೆ ಕಡೆಗೆ ನಿಮ್ಮದು. ಸೀವರ್ ಇನ್ನೂ ಕಷ್ಟ, ಬಹಳ ಊರುಗಳಲ್ಲಿ ರಸ್ತೆ ಕೆಳಗಿನ ದೊಡ್ಡ ಪೈಪಿಗೆ ಸೇರುವ ತನಕ ನಿಮ್ಮದೇ. ನಾನೂ ಬೆಂಗಳೂರಿನ ಅಭ್ಯಾಸದಲ್ಲಿ, 1916ಕ್ಕೆ ಫೋನ್ ಮಾಡಿದರೆ ಜಲಮಂಡಳಿಯ ಜೆಟ್ಟಿಂಗ್ ಗಾಡಿ ಬರುವ ಹಾಗೆ ಇಲ್ಲೂ ಯಾರೋ ಬರುತ್ತಾರೆ ಅಂದುಕೊಂಡಿದ್ದೆ. ಊರಿನ ಸೀವರ್‌ನವರು ಬಂದರು, ರಸ್ತೆಯ ಮ್ಯಾನ್‌ಹೋಲ್ ತೆಗೆದು ನೋಡಿ "ನಮ್ಮ ಕಡೆ ಸರಿ ಇದೆ" ಅಂತ ಹೇಳಿ ಹೋದರು.

ನನ್ನ ಕಥೆ ಹೀಗೆ. ಮನೆ ಮುಂದೆ ಒಂದು ದೊಡ್ಡ ಸಿಲ್ವರ್ ಮೇಪಲ್ ಮರ, ಕೆಳಗೆ ಹಳೇ ಮಣ್ಣಿನ ಪೈಪು. ಅದರ ತುಂಡುಗಳ ಸಂದಿಯಲ್ಲಿ ಬೇರು ನುಗ್ಗುತ್ತದೆ, ಒಳಗೆ ನೀರು ಗೊಬ್ಬರ ಎರಡೂ ಸಿಗುತ್ತಲ್ಲ! ಒಂದು ಭಾನುವಾರ ವಾಷಿಂಗ್ ಮೆಷಿನ್ ಹಾಕಿದ್ದೆ, ಬೇಸ್‌ಮೆಂಟಿನ ಡ್ರೇನ್‌ನಿಂದ ಕೊಳಚೆ ಮೇಲೆ ಬಂತು. ವಾರಂಟಿ ಇತ್ತು. ಅವರ ಕಡೆಯ ಪ್ಲಂಬರ್ ಬೇರು ಕತ್ತರಿಸಿ ಹೋದ. ಎಂಟು ತಿಂಗಳಿಗೆ ಮತ್ತೆ ಅದೇ. ಈ ಸಲ ಅಗೆದರು, ಆದರೆ ಒಡೆದಿದ್ದ ಆರು ಅಡಿ ಮಾತ್ರ ಪಿವಿಸಿ ಹಾಕಿದರು, ಉಳಿದದ್ದು ಹಾಗೇ ಹಳೇ ಮಣ್ಣಿನದೇ, ಯಾಕಂದರೆ ಒಪ್ಪಂದದಲ್ಲಿ ಇರೋದು ರಿಪೇರಿ, ಹೊಸ ಲೈನ್ ಅಲ್ಲ. ಹಾಳಾದ ಕಾರ್ಪೆಟ್ಟಿಗೆ ಒಂದು ಪೈಸೆಯೂ ಬರಲಿಲ್ಲ. ವಾರಂಟಿ ಪೈಪಿಗೆ, ಮನೆಗಲ್ಲ. ಅದಕ್ಕೆ ಹೋಮ್ ಇನ್ಶೂರೆನ್ಸಲ್ಲಿ ವಾಟರ್ ಬ್ಯಾಕಪ್ (ಡ್ರೇನ್ ಉಕ್ಕಿ ಆಗುವ ಹಾನಿಗೆ) ಅಂತ ಬೇರೆ ಕವರ್ ಇರುತ್ತದೆ, ಹಾಕಿಸಿಕೊಂಡಿರಲಿಲ್ಲ ನಾನು.

ಹಾಗಾಗಿ ನಿಮಗೆ ನಾನು ಹೇಳೋದು, ಮೊದಲು ಪ್ಲಂಬರ್ ಕರೆಸಿ ಸೀವರ್‌ಗೆ ಕ್ಯಾಮೆರಾ ಬಿಡಿಸಿ. 1956 ಅಂದರೆ ಮಣ್ಣಿನದು ಇರಬಹುದು, ಇಲ್ಲ ಆರೆಂಜ್‌ಬರ್ಗ್ ಅನ್ನೋದು ಇರಬಹುದು. ಅದು ಮರದ ನಾರಿಗೆ ಟಾರು ಸೇರಿಸಿ ಮಾಡಿದ ಪೈಪು, ಎರಡನೇ ಮಹಾಯುದ್ಧದ ನಂತರ 1970ರ ಸುಮಾರಿನ ತನಕ ಹಾಕುತ್ತಿದ್ದರು, ಈಗ ಒದ್ದೆಯಾಗಿ ಚಪ್ಪಟೆಯಾಗಿರುತ್ತದೆ. ಅದೇನಾದರೂ ಸಿಕ್ಕಿದರೆ ವಾರಂಟಿ ಯೋಚನೆ ಬಿಡಿ, ಪೈಪು ಬದಲಾಯಿಸಲು ದುಡ್ಡು ಕೂಡಿಡಿ. ಇದರಲ್ಲಿ ಒಂದು ಇಕ್ಕಟ್ಟೂ ಇದೆ. ಕ್ಯಾಮೆರಾದಲ್ಲಿ ಬಿರುಕು ಕಂಡ ಮೇಲೆ ವಾರಂಟಿ ತಗೊಂಡರೆ ಅದು ಮೊದಲಿಂದ ಇದ್ದ ದೋಷ, ಕವರ್ ಆಗಲ್ಲ. ಸುಳ್ಳು ಹೇಳಿ ತಗೋಬೇಡಿ, ಆಮೇಲೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಅದೇ ಸಾಕು.

ನೀರಿನ ಪೈಪನ್ನು ನೀವೇ ನೋಡಬಹುದು. ಮನೆ ಒಳಗೆ ಬರುವ ಜಾಗದಲ್ಲಿ ಸ್ವಲ್ಪ ಕೆರೆಯಿರಿ. ಮೆತ್ತಗಿದ್ದು ಬೆಳ್ಳಿ ಹಾಗೆ ಹೊಳೆದು, ಮ್ಯಾಗ್ನೆಟ್ ಅಂಟದಿದ್ದರೆ ಸೀಸ. ಹಾಗಿದ್ದರೆ ಊರಿಗೆ ಫೋನ್ ಮಾಡಿ, 2024ರ ಇಪಿಎ (ಅಮೆರಿಕದ ಪರಿಸರ ಸಂಸ್ಥೆ) ನಿಯಮದಲ್ಲಿ ಬಹುತೇಕ ಊರುಗಳು ಸೀಸದ ಲೈನ್‌ಗಳನ್ನು ಸುಮಾರು ಹತ್ತು ವರ್ಷದೊಳಗೆ ಬದಲಾಯಿಸಬೇಕು ಅಂತಿದೆ.

ಪೈಪು ಚೆನ್ನಾಗಿದ್ದರೂ ಭಯ ಇದೆಯಾ? ಇನ್ಶೂರೆನ್ಸ್ ಏಜೆಂಟರನ್ನು ಸರ್ವಿಸ್ ಲೈನ್ ಎಂಡಾರ್ಸ್‌ಮೆಂಟ್ (ಹೋಮ್ ಇನ್ಶೂರೆನ್ಸಿಗೇ ಈ ಪೈಪುಗಳನ್ನು ಸೇರಿಸುವ ಹೆಚ್ಚುವರಿ ಕವರ್) ಎಷ್ಟು ಅಂತ ಕೇಳಿ. ನನಗೆ ವಾರಂಟಿಗಿಂತ ಕಡಿಮೆಗೆ ಸಿಕ್ಕಿತು, ಡಿಡಕ್ಟಿಬಲ್ (ಮೊದಲು ನಾವೇ ಕೈಯಿಂದ ಹಾಕಬೇಕಾದ ಹಣ) ಇದೆ, ಆದರೆ ಅವರು ಕೊಡುವ ಹಣದ ಮಿತಿ ಜಾಸ್ತಿ. ವಾರಂಟಿಯೇ ಬೇಕೆಂದರೆ ಒಂದು ಸಲಕ್ಕೆ ಎಷ್ಟರ ತನಕ ಕೊಡುತ್ತಾರೆ, ರಸ್ತೆ ಅಗೆಯುವ ಖರ್ಚು ಸೇರಿದೆಯಾ, ಎರಡೇ ಪ್ರಶ್ನೆ ಕೇಳಿ. ಮೊದಲ 30 ದಿನ ಕ್ಲೇಮ್ ಇಲ್ಲ ಅನ್ನೋದೂ ಸಾಮಾನ್ಯ.

ನಾನು ವಾರಂಟಿ ಬಿಟ್ಟೆ. ಮರ ಕಡಿಸಲು ಮಾತ್ರ ಹೆಂಡತಿ ಒಪ್ಪಿಲ್ಲ, ಹಾಗಾಗಿ ವರ್ಷಕ್ಕೊಮ್ಮೆ ಪ್ಲಂಬರ್ ಬಂದು ಬೇರು ಕತ್ತರಿಸಿ ಹೋಗುತ್ತಾನೆ.