ಬೇಸಿಗೆಗೆ ಬಾಗದ ಮೇಣದಬತ್ತಿ

ಪ್ರಶ್ನೆ: ಸೋಯಾ ಮೇಣದಿಂದ ಉದ್ದನೆಯ ಮೇಣದಬತ್ತಿ ಮಾಡಿದ್ದೆ. ಏಪ್ರಿಲ್ ಬಿಸಿಲಿಗೆ ಎಲ್ಲವೂ ಬಾಗಿದವು. ಮೇಣ ಕಲಬೆರಕೆಯೇ? ಬದಲಿಗೆ ಯಾವುದನ್ನು ಕೊಳ್ಳಲಿ?
— ಓದುಗರು, ಗದಗ

ಉತ್ತರ: ಕಲಬೆರಕೆ ಎನ್ನುವ ಮುಂಚೆ ಮೇಣ ಎಷ್ಟು ಡಿಗ್ರಿಗೆ ಕರಗುತ್ತದೆಂದು ನೋಡಿ. ಗಾಜಿನ ಲೋಟಕ್ಕೆಂದು ಮಾರುವ ಸೋಯಾ ಸುಮಾರು 50 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ. ನಿಮ್ಮ ಕಡೆಯ ಬೇಸಿಗೆಯಲ್ಲಿ, ಅದೂ ತಗಡಿನ ಮಾಡಿನ ಕೋಣೆಯಲ್ಲಿ, ಅದು ನೆಟ್ಟಗೆ ನಿಲ್ಲದು. ಲೋಟ, ಡಬ್ಬಿಗಷ್ಟೇ ಬಳಸಿ.

ನಿಲ್ಲಿಸುವ ಮೇಣದಬತ್ತಿಗೆ 58–60 ಡಿಗ್ರಿಗೆ ಕರಗುವ, ಪೂರ್ತಿ ಶುದ್ಧೀಕರಿಸಿದ ಪ್ಯಾರಾಫಿನ್ (ಪೆಟ್ರೋಲಿಯಂನಿಂದ ಸಿಗುವ ಮೇಣ) ತನ್ನಿ. ಕಿಲೋಗೆ 100 ಗ್ರಾಂ ಸ್ಟಿಯರಿಕ್ ಆಸಿಡ್ (ಕೊಬ್ಬು, ಎಣ್ಣೆಗಳಿಂದ ತೆಗೆದ ಮೇಣದಂಥ ಬಿಳಿ ವಸ್ತು) ಬೆರೆಸಿ: ಗಟ್ಟಿಯಾಗುತ್ತದೆ, ಅಚ್ಚಿನಿಂದ ಸಲೀಸಾಗಿ ಬಿಡುತ್ತದೆ. ನೇರ ಉರಿ ಬೇಡ; ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಲೋಹದ ಅಚ್ಚಿಗೆ 80 ಡಿಗ್ರಿ ಆಸುಪಾಸಿನಲ್ಲಿ ಸುರಿಯಿರಿ. ಪ್ಯಾರಾಫಿನ್ ಆರುವಾಗ ಕುಗ್ಗಿ ದಾರದ ಸುತ್ತ ಗುಣಿ ಬೀಳುತ್ತದೆ. ಮೇಲ್ಪದರ ಕೆನೆಗಟ್ಟಿದೊಡನೆ ಕಡ್ಡಿಯಿಂದ ಚುಚ್ಚಿ, ಉಳಿಸಿಟ್ಟ ಮೇಣ ತುಂಬಿ. ಈ ಕೆಲಸ ಬಿಟ್ಟರೆ ಒಳಗೆ ಟೊಳ್ಳು ಉಳಿಯುತ್ತದೆ, ಉರಿ ಏರುಪೇರಾಗುತ್ತದೆ.

ಜೇನುಮೇಣ ಕರಗುವುದು 62–64 ಡಿಗ್ರಿಗೆ, ಪರಿಮಳವೂ ಚಂದ. ಬೆಲೆ ಮಾತ್ರ ದುಬಾರಿ. ಅದಕ್ಕೆ ದಪ್ಪ ದಾರವೇ ಬೇಕು, ತೆಳುವಾದರೆ ನಡುವೆ ಕುಳಿ ಕೊರೆದು ಆರಿಹೋಗುತ್ತದೆ.

ಕರಗುವ ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ. ಒಲೆ ಆರಿಸಿ, ಮುಚ್ಚಳ ಮುಚ್ಚಿ.