ಹಿಂದಿನ ಪುಟಕ್ಕೆ ಹೋಗು

ಪತ್ರ: ಮಕ್ಕಳ ಸಾಹಿತಿಯೊಬ್ಬರು ಕಳೆದ ಸಂಚಿಕೆಯಲ್ಲಿ ‘ಬಾಲ್ಯವನ್ನು ಕಾಪಾಡಿ, ಮಕ್ಕಳ ಕೈಗೆ ಅಚ್ಚಿನ ಪುಸ್ತಕ ಕೊಡಿ’ ಎಂದು ಬರೆದಿದ್ದರು. ನನ್ನ ಮಗನಿಗೆ ಆರು ವರ್ಷ. ಟ್ಯಾಬ್‌ನಲ್ಲಿ ದಿನಕ್ಕೆ ಮೂರು ಕಥೆ ಮುಗಿಸುತ್ತಾನೆ. ಅದೇ ಓದಿ ಹೇಳುತ್ತದೆ, ಮುಟ್ಟಿದರೆ ಚಿತ್ರ ಕುಣಿಯುತ್ತದೆ. ನನಗೂ ಸ್ವಲ್ಪ ಬಿಡುವು ಸಿಗುತ್ತದೆ. ಕಥೆ ಅದೇ ತಾನೆ? ಇದು ಹಳೆಯದರ ಮೇಲಿನ ಮೋಹ ಅಲ್ವಾ? – ಒಬ್ಬ ತಾಯಿ

ಉತ್ತರ: ಮಗುವಿಗೆ ಕಥೆ ಬೇಕು ಅಂತ ನಿಮಗೆ ಅನ್ನಿಸಿದೆಯಲ್ಲ, ಅದಕ್ಕೆ ಮೊದಲು ನಿಮಗೆ ನಮಸ್ಕಾರ. ಟ್ಯಾಬ್‌ನಿಂದ ಉಪಕಾರವಿಲ್ಲ ಅಂತ ನಾನು ಹೇಳುವುದಿಲ್ಲ. ಅಕ್ಷರ ದೊಡ್ಡದು ಮಾಡಿಕೊಂಡೇ ಓದಬೇಕಾದ ಮಕ್ಕಳಿದ್ದಾರೆ, ಕೇಳಿಯೇ ಓದಬೇಕಾದವರಿದ್ದಾರೆ. ಲೈಬ್ರರಿ ಹತ್ತಿರವಿಲ್ಲದ ಮನೆಗಳಿವೆ. ಅವರಿಗೆಲ್ಲ ಅದು ಬೇಕು.

ಆದರೆ ‘ಕಥೆ ಅದೇ ತಾನೆ’ ಎಂಬ ಮಾತನ್ನು ಒಪ್ಪಲಾರೆ. ಒಂದರಿಂದ ಎಂಟು ವರ್ಷದ ಮಕ್ಕಳ ಮೇಲೆ ನಡೆದ 39 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿಯೊಂದು 2021ರಲ್ಲಿ ಬಂತು. ಅದೇ ಕಥೆಯನ್ನು ಕಾಗದದಲ್ಲೂ ಪರದೆಯಲ್ಲೂ ಕೊಟ್ಟಾಗ, ಕಾಗದದಲ್ಲಿ ಓದಿದ ಮಕ್ಕಳಿಗೇ ಕಥೆ ಹೆಚ್ಚು ಅರ್ಥವಾಗಿತ್ತು. ಕಥೆಗೆ ನೇರವಾಗಿ ಹೊಂದುವ ನೆರವು ಇದ್ದರೆ ಪರದೆಯೂ ಒಳ್ಳೆಯ ಕೆಲಸ ಮಾಡುತ್ತದೆ ಎಂದೂ ಅದರಲ್ಲಿದೆ. ಸುಮ್ನೆ ಕುಣಿಯುವ ಚಿತ್ರ ಅಂಥ ನೆರವೇ? ನೀವೇ ನೋಡಿ ಹೇಳಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಬಿಡುವು’ ಎಂಬ ಮಾತು. 2019ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು 37 ಪುಟ್ಟ ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಗಮನಿಸಿದರು. ಅಚ್ಚಿನ ಪುಸ್ತಕ ಹಿಡಿದಾಗ ಇಬ್ಬರೂ ಹೆಚ್ಚು ಮಾತಾಡಿದರು, ಪುಸ್ತಕವನ್ನು ಒಟ್ಟಿಗೆ ಹಿಡಿದರು. ಪರದೆ ಬಂದಾಗ ಆ ಮಾತು ಕಡಿಮೆಯಾಯಿತು. ನಿಮಗೆ ಸಿಕ್ಕ ಬಿಡುವು ಎಲ್ಲಿಂದ ಬಂತು ಅಂತ ಒಮ್ಮೆ ಯೋಚಿಸಿ. ನಿಮ್ಮ ದಣಿವು ನನಗೆ ಅರ್ಥವಾಗುತ್ತದೆ. ಆದರೂ ಹೇಳಲೇಬೇಕು ಅನ್ನಿಸಿತು.

ನನ್ನ ಮೊಮ್ಮಗಳಿಗೆ ನಾಲ್ಕು ವರ್ಷ. ಅವಳ ಒಂದು ಪುಸ್ತಕದಲ್ಲಿ ಕರಡಿ ಮಲಗಿರುವ ಪುಟವಿದೆ. ಅಲ್ಲಿ ಏನೂ ನಡೆಯುವುದಿಲ್ಲ. ನಾನು ಪುಟ ತಿರುಗಿಸಿದರೆ ‘ತಾತಾ, ಹಿಂದಿನ ಪುಟಕ್ಕೆ ಹೋಗು’ ಅನ್ನುತ್ತಾಳೆ. ಹೋದೆವು. ಒಂದು ದಿನ ಮೂಲೆಯಲ್ಲಿ ಬೆರಳಿಟ್ಟು ಇರುವೆ ತೋರಿಸಿದಳು. ಆ ಪುಸ್ತಕವನ್ನು ಅಷ್ಟು ಸಲ ಓದಿದ ನನಗೆ ಆ ಇರುವೆ ಕಂಡೇ ಇರಲಿಲ್ಲ. ಅದಾದ ಮೇಲೆ ಇರುವೆಗೆ ಹೆಸರಿಟ್ಟಳು, ಅದರ ಅಮ್ಮ ಎಲ್ಲಿ ಅಂತ ಕೇಳಿದಳು. ಕರಡಿಯ ಕಥೆ ಅಂದು ಮುಗಿಯಲೇ ಇಲ್ಲ.

ಬಾಲ್ಯವನ್ನು ಕಾಪಾಡುವುದು ಅಂದರೆ ಮಗುವನ್ನು ಬಚ್ಚಿಡುವುದು ಅಂತ ಕೆಲವರು ತಿಳಿಯುತ್ತಾರೆ. ಯೆಲ್ಲಾ ಲೆಪ್‌ಮನ್ ಎಂಬ ಹೆಂಗಸಿನ ಬಗ್ಗೆ ಓದಿದರೆ ಹಾಗೆ ಅನ್ನಿಸದು. ಅವರು ಯಹೂದಿ. ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಹೋಗಬೇಕಾಯಿತು. 1945ರಲ್ಲಿ ಯುದ್ಧ ಮುಗಿದಾಗ ಅದೇ ಜರ್ಮನಿಗೆ ವಾಪಸ್ ಬಂದರು. ಊರೆಲ್ಲ ಕುಸಿದುಬಿದ್ದಿತ್ತು, ಮಕ್ಕಳು ಹಸಿದಿದ್ದರು. ಇಪ್ಪತ್ತು ದೇಶಗಳಿಗೆ ಪತ್ರ ಬರೆದು, ಮಕ್ಕಳ ಪುಸ್ತಕ ಕಳಿಸಿ ಅಂತ ಕೇಳಿದರು. ಜರ್ಮನ್ನರು ಎರಡು ಸಲ ನಮ್ಮ ಮೇಲೆ ದಾಳಿ ಮಾಡಿದ್ದಾರೆ ಎಂದು ಬೆಲ್ಜಿಯಂ ಮೊದಲು ಒಪ್ಪಲಿಲ್ಲ. ಲೆಪ್‌ಮನ್ ಮತ್ತೆ ಬರೆದರು, ಪುಸ್ತಕ ಬಂತು. 1946ರಲ್ಲಿ ಮ್ಯೂನಿಕ್‌ನಲ್ಲಿ ಪ್ರದರ್ಶನ ನಡೆಯಿತು. 1949ರಲ್ಲಿ ಅಲ್ಲೇ ಅಂತರರಾಷ್ಟ್ರೀಯ ಮಕ್ಕಳ ಗ್ರಂಥಾಲಯ ತೆರೆಯಿತು. ಅನ್ನವೇ ಸಾಲದ ಹೊತ್ತಿನಲ್ಲಿ ಪುಸ್ತಕ ಯಾಕೆ ಅಂತ ಕೇಳಿದವರಿಗೆ ಅವರು ಕೆಲಸದಿಂದಲೇ ಉತ್ತರ ಕೊಟ್ಟರು.

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ವಿಶ್ರಾಂತಿ, ಬಿಡುವು, ಆಟ ಮಗುವಿನ ಹಕ್ಕು ಎನ್ನುತ್ತದೆ. ನೋಡಿ, ಅಲ್ಲಿ ಬಿಡುವು ಮಗುವಿನದು. ಅದನ್ನು ನಾವು ಎಷ್ಟು ಕಸಿದುಕೊಂಡಿದ್ದೇವೆ! ಐದು ವರ್ಷಕ್ಕೇ ಸ್ಪರ್ಧೆ, ಟೈಮ್‌ಟೇಬಲ್. ಓದಿಗೂ ಲೆಕ್ಕ. ನೀವೂ ‘ದಿನಕ್ಕೆ ಮೂರು ಕಥೆ’ ಅಂತ ಬರೆದಿದ್ದೀರಿ. ಎಷ್ಟು ಮುಗಿಸಿದ ಅಂತ ಬರೆದಿರಿ, ಯಾವುದು ಇಷ್ಟ ಅಂತ ಬರೆಯಲಿಲ್ಲ. ಕೋಪ ಮಾಡಿಕೊಳ್ಳಬೇಡಿ, ನನಗೆ ಬೇಜಾರಾಯಿತು.

ಒಮ್ಮೆ ಒಂದು ಶಾಲೆಗೆ ಅತಿಥಿಯಾಗಿ ಹೋಗಿದ್ದೆ. ಗಾಜಿನ ಬೀರುವಿನ ತುಂಬ ಹೊಸ ಪುಸ್ತಕಗಳು, ಬೀರುವಿಗೆ ಬೀಗ. ‘ಮಕ್ಕಳ ಕೈಗೆ ಕೊಟ್ಟರೆ ಹರಿದುಹಾಕ್ತಾರೆ ಸರ್’ ಅಂದರು. ಹರಿಯಲಿ ಬಿಡಿ! ನಾನು ಚಿಕ್ಕಂದಿನಲ್ಲಿ ಅತಿ ಜಾಸ್ತಿ ಓದಿದ ಪುಸ್ತಕಕ್ಕೆ ಕೊನೆಯ ಎರಡು ಹಾಳೆ ಇರಲೇ ಇಲ್ಲ. ರಾಜಕುಮಾರ ಬಾವಿಗಿಳಿಯುವಲ್ಲಿಗೆ ನಿಂತಿತ್ತು. ಅವನನ್ನು ಮೇಲೆ ತರಲು ನಾನೂ ನನ್ನ ತಂಗಿಯೂ ರಾತ್ರಿ ದೀಪ ಆರಿಸಿದ ಮೇಲೆ ಪಿಸುಗುಟ್ಟುತ್ತಾ ಕಥೆ ಕಟ್ಟುತ್ತಿದ್ದೆವು. ಒಂದು ರಾತ್ರಿ ಹಗ್ಗ, ಇನ್ನೊಂದು ರಾತ್ರಿ ಆಮೆ. ನಾನು ಬರೆಯಲು ಕಲಿತದ್ದು ಅಲ್ಲೇ.

ಟ್ಯಾಬ್ ಬಿಸಾಡಿ ಅಂತ ನಾನು ಹೇಳುತ್ತಿಲ್ಲ. ಇವತ್ತು ರಾತ್ರಿ ಅದನ್ನು ಬೇರೆ ಕೋಣೆಯಲ್ಲಿಡಿ. ಒಂದೇ ಒಂದು ಪುಸ್ತಕ ತೆಗೆದುಕೊಂಡು ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನೀವೇ ಓದಿ, ಪುಟ ಅವನು ತಿರುಗಿಸಲಿ. ಅವನು ಯಾವ ಪುಟದಲ್ಲಿ ನಿಂತ, ಅಲ್ಲಿ ಏನು ಕೇಳಿದ ಅಂತ ನನಗೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಆ ಪತ್ರಕ್ಕೆ ಜಾಗ ಇಟ್ಟಿರುತ್ತೇನೆ.