ವಾಕ್ಯಗಳ ಉದ್ದ ಎಣಿಸಿ ಪಾತ್ರದ ಮನಸ್ಸನ್ನು ತಿಳಿಯಬಹುದೇ?

ಕಾದಂಬರಿಯ ವಾಕ್ಯಗಳ ಉದ್ದ ಎಣಿಸಿ ಪಾತ್ರದ ಮನಸ್ಸನ್ನು ವಿಶ್ಲೇಷಿಸಲು ಹೊರಟಿದ್ದೇನೆ ಎಂದು ಬರೆದಿದ್ದೀರಿ. ಎಣಿಸಲು ಹೋಗಬೇಡಿ. ಚಿಕ್ಕ ವಾಕ್ಯವೆಂದರೆ ಆತಂಕ, ಉದ್ದ ವಾಕ್ಯವೆಂದರೆ ನೆಮ್ಮದಿ ಎಂದು ನೀವು ಹೇಳುತ್ತಿರುವ ಸೂತ್ರವನ್ನೇ ನಂಬಿ ಎಂ.ಎ. ಪ್ರಬಂಧ ಬರೆದವನು ನಾನು.

ನಾನು ಆರಿಸಿಕೊಂಡ ಕಾದಂಬರಿಯಲ್ಲಿ, ಆಗಷ್ಟೇ ಗಂಡನನ್ನು ಕಳೆದುಕೊಂಡ ಹೆಣ್ಣೊಬ್ಬಳ ಅಧ್ಯಾಯವಿತ್ತು. ಪ್ರತಿ ವಾಕ್ಯದ ಪದಗಳನ್ನು ಎಣಿಸಿದೆ, ಕೋಷ್ಟಕ ಹಾಕಿದೆ, ಬಣ್ಣಬಣ್ಣದ ರೇಖಾಚಿತ್ರವನ್ನೂ ಬರೆದೆ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಒಂದು ಪುಟ ತೆರೆದು, "ಇಲ್ಲಿ ಅವಳು ಏನು ಮಾಡುತ್ತಾಳೆ?" ಎಂದು ಕೇಳಿದರು. ನೋಡಿದರೆ ಅವಳು ಏನೂ ಮಾಡುವುದೇ ಇಲ್ಲ. ಅವಳಿಗೆ ಹಸಿವಾಯಿತು, ಅವಳಿಗೆ ನೆನಪಾಯಿತು, ಅವಳಿಗೆ ಅಳು ಬಂತು. ಎಲ್ಲ ಅವಳಿಗೆ ಆಗುತ್ತಿದೆ, ಕ್ರಿಯಾಪದಗಳೆಲ್ಲ ನಪುಂಸಕಲಿಂಗದಲ್ಲಿವೆ. ಪುಟದ ಕೊನೆಗೆ "ಬಾಗಿಲು ತೆಗೆದಳು" ಎಂದು ಬರುತ್ತದೆ. "ಅವಳು" ಎಂಬ ಪದವೇ ಇಲ್ಲ, "ತೆಗೆದಳು" ಪದದ ಕೊನೆಯ "ಅಳು" ಪ್ರತ್ಯಯದಲ್ಲಷ್ಟೇ ಅವಳಿದ್ದಾಳೆ. ಆದರೂ ಆ ಪುಟದಲ್ಲಿ ಅವಳು ಕರ್ತೃವಾಗುವುದು ಅಲ್ಲೊಂದೇ ಕಡೆ. ನಾನು ಅದನ್ನು ಎರಡು ಪದಗಳ ವಾಕ್ಯವೆಂದು ಎಣಿಸಿ ಆತಂಕದ ಪಟ್ಟಿಗೆ ಸೇರಿಸಿದ್ದೆ! ಪದ ಎಣಿಸುವವನಿಗೆ ಪ್ರತ್ಯಯ ಕಾಣುವುದಿಲ್ಲ. ಕನ್ನಡದಲ್ಲಿ ಅನುಭವ ಯಾರದು, ಕೆಲಸ ಯಾರದು ಎಂಬುದು ಅಡಗಿರುವುದೇ ಪ್ರತ್ಯಯದಲ್ಲಿ. ಪ್ರಬಂಧ ತಿದ್ದುಪಡಿಗೆ ವಾಪಸು ಬಂತು, ಅಷ್ಟರಲ್ಲಿ ಸಂಶೋಧನಾ ವೇತನದ ಅರ್ಜಿಯ ಗಡುವೂ ಮುಗಿಯಿತು.

ಸೂತ್ರ ಬೇರೆ ಭಾಷೆಗಳಲ್ಲೂ ನಿಲ್ಲುವುದಿಲ್ಲ. ಫ್ರೆಂಚ್ ಲೇಖಕ ಕಮೂ ಅವರ 1942ರ ಕಾದಂಬರಿ "ಲೆತ್ರಾಂಜೆ"ಯ ಮೊದಲ ಭಾಗದ ತುಂಬ ಚಿಕ್ಕ ವಾಕ್ಯಗಳು, ಆದರೆ ಅದರ ನಾಯಕ ಮರ್ಸೋನಲ್ಲಿ ಆತಂಕಕ್ಕಿಂತ ನಿರ್ಲಿಪ್ತತೆಯೇ ಹೆಚ್ಚು. ಐರಿಷ್ ಲೇಖಕ ಜಾಯ್ಸ್ ಅವರ 1922ರ "ಯುಲಿಸಿಸ್" ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ಮಾಲಿ ಬ್ಲೂಮ್ ಎಂಬ ಹೆಣ್ಣಿನ ಮನಸ್ಸು ಎಂಟೇ ಎಂಟು ದೈತ್ಯ ವಾಕ್ಯಗಳಲ್ಲಿ ಹರಿಯುತ್ತದೆ. ಅದನ್ನು ನೆಮ್ಮದಿ ಎಂದು ಕರೆಯಲು ನನಗಂತೂ ಧೈರ್ಯವಿಲ್ಲ.

ಎಣಿಸಲು ಯಾವ ತಂತ್ರಾಂಶ ಒಳ್ಳೆಯದು ಎಂದೂ ಕೇಳಿದ್ದೀರಿ. ಪೆನ್ಸಿಲ್ ಸಾಕು. ಪಾತ್ರಕ್ಕೆ ತಿರುವು ಸಿಗುವ ಒಂದು ಪುಟ ಆರಿಸಿ. "ಅವನು" ಎಲ್ಲಿದೆ, "ಅವನಿಗೆ" ಎಲ್ಲಿದೆ, "ಹೊಡೆಯಲ್ಪಟ್ಟ" ಎನ್ನುವಂಥ ಕಡೆ ಮಾಡಿದವರ ಹೆಸರು ಏಕಿಲ್ಲ, ಗುರುತು ಹಾಕಿ. ಆಮೇಲೆ ನಿರೂಪಕನ ಮಾತಿನೊಳಗೆ ಪಾತ್ರದ ದನಿ ನುಸುಳುವ ಜಾಗ ಹುಡುಕಿ. "ಅವನು ಗಡಿಯಾರ ನೋಡಿದ. ನಾಳೆ ಹೋಗಲೇಬೇಕಿತ್ತು." ಎರಡನೆಯ ವಾಕ್ಯದ "ನಾಳೆ" ಮತ್ತು ಆ "ಏ" ಒತ್ತು ನಿರೂಪಕನವಲ್ಲ, ಅವನವು. ಅಂಥ ಒಂದು ಜಾಗದ ಬಗ್ಗೆ ಎರಡು ಪುಟ ಬರೆಯಲು ಬಂದರೆ ಕೋಷ್ಟಕವನ್ನು ಯಾರೂ ಕೇಳುವುದಿಲ್ಲ.